ಬಡ್ಡಿ ಫ್ರಾಂಕ್ಲಿನ್‌ನ ಮೀನಖಂಡ

“ಯಾರೋ ಹಿಂದಿನಿಂದ ಒದ್ದ ಹಾಗಾಯ್ತು ಸರ್. ತಿರುಗಿ ನೋಡಿದ್ರೆ ಯಾರೂ ಇಲ್ಲ.”

ಮೀನಖಂಡ ಹರಿದುಕೊಂಡು ನನ್ನ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಬರುವವರು ಹೆಚ್ಚುಕಡಿಮೆ ಇದನ್ನೇ ಹೇಳುತ್ತಾರೆ. ಬಹುಪಾಲು ಮಂದಿ ಮೂವತ್ತೈದು ದಾಟಿದವರು, ಭಾನುವಾರ ಮಾತ್ರ ಶಟಲ್ ಆಡುವವರು. ಅವರಿಗೆ ನಾನು ಆಸ್ಟ್ರೇಲಿಯಾದ ಫುಟ್‌ಬಾಲ್ ಆಟಗಾರ ಲ್ಯಾನ್ಸ್ ಫ್ರಾಂಕ್ಲಿನ್‌ನ ಕಥೆ ಹೇಳುತ್ತೇನೆ. ಯಾರಿಗೂ ಅವನ ಹೆಸರು ಗೊತ್ತಿರುವುದಿಲ್ಲ.

ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್ ಎಂದರೆ ನಾವು ಕ್ರಿಕೆಟ್ ನೋಡುವ ಮೆಲ್ಬರ್ನ್ ಮೈದಾನದಲ್ಲೇ ಚಳಿಗಾಲದಲ್ಲಿ ನಡೆಯುವ ಆಟ. ತಂಡಕ್ಕೆ 18 ಜನ, ಮೊಟ್ಟೆಯಾಕಾರದ ಚೆಂಡು, ನಡುವಿನ ಎರಡು ಕಂಬಗಳ ಮಧ್ಯೆ ಒದ್ದರೆ 6 ಅಂಕ. ಫ್ರಾಂಕ್ಲಿನ್ ಪಶ್ಚಿಮ ಆಸ್ಟ್ರೇಲಿಯಾದ ಡವರಿನ್ ಎಂಬ ಸಣ್ಣ ಊರಲ್ಲಿ ಬೆಳೆದ ನೂಂಗಾರ್ ಮೂಲನಿವಾಸಿ ಹುಡುಗ. ಅಭಿಮಾನಿಗಳ ಬಾಯಲ್ಲಿ ‘ಬಡ್ಡಿ’. ಕನ್ನಡದ ಕಿವಿಗೆ ಸಾಲ ನೆನಪಾದರೆ ತಪ್ಪೇನಿಲ್ಲ. 2005ರಲ್ಲಿ ಹಾಥಾರ್ನ್ ತಂಡಕ್ಕೆ ಬಂದ. 2008ರಲ್ಲಿ ಒಂದೇ ಋತುವಿನಲ್ಲಿ 113 ಗೋಲು, ಜೊತೆಗೆ ತಂಡಕ್ಕೆ ಲೀಗ್ ಪ್ರಶಸ್ತಿ. 2013ರಲ್ಲಿ ಇನ್ನೊಂದು.

ಅದೇ ವರ್ಷದ ಕೊನೆಗೆ ಸಿಡ್ನಿ ಸ್ವಾನ್ಸ್ ಅವನಿಗೆ ಒಂಬತ್ತು ವರ್ಷಕ್ಕೆ ಒಂದು ಕೋಟಿ ಡಾಲರ್ ಕೊಟ್ಟಿತು. ಆಗ ಅವನಿಗೆ 26. ಒಪ್ಪಂದ ಮುಗಿಯುವಾಗ ಮೂವತ್ತೈದು ಕಳೆದಿರುತ್ತದೆ. ಆರೂವರೆ ಅಡಿ ಎತ್ತರದವನು, ಕ್ವಿಂಟಲ್ ತೂಕದವನು, ಹಾರಿ ಚೆಂಡು ಹಿಡಿದು ಮತ್ತೆ ಓಡಬೇಕಾದವನು. ನನ್ನನ್ನು ಕೇಳಿದ್ದರೆ “ಐದು ವರ್ಷ ಸಾಕು” ಅನ್ನುತ್ತಿದ್ದೆ.

ಅವನು ಅಷ್ಟೂ ವರ್ಷ ಉಳಿದ. ಸಲೀಸಾಗಿ ಅಲ್ಲ. 2015ರಲ್ಲಿ ಮಾನಸಿಕ ಆರೋಗ್ಯದ ಕಾರಣಕ್ಕೆ ಫೈನಲ್ಸ್ ಸರಣಿಯಿಂದ ಹೊರಗುಳಿದ. 2018ರಲ್ಲಿ ಹಿಮ್ಮಡಿ ನೋವಿನಿಂದ ವಾರದ ಅಭ್ಯಾಸ ಬಹಳಷ್ಟು ಬಿಟ್ಟು, ಪಂದ್ಯಕ್ಕೆ ಮಾತ್ರ ಕಾಲು ಕಾಯ್ದಿಟ್ಟುಕೊಂಡ. 2020ರಲ್ಲಿ ಒಂದೂ ಪಂದ್ಯವಿಲ್ಲ. 2022ರ ಮಾರ್ಚ್ 25ರಂದು ಸಾವಿರನೇ ಗೋಲು ಹೊಡೆದಾಗ ಸಿಡ್ನಿ ಮೈದಾನಕ್ಕೆ ಜನ ಜಾತ್ರೆಯಂತೆ ನುಗ್ಗಿದರು. 2023ರ ಜುಲೈನಲ್ಲಿ ಮೀನಖಂಡ ಕೈಕೊಟ್ಟಿತು. ಕೆಲವೇ ದಿನಗಳಲ್ಲಿ ನಿವೃತ್ತಿ. 354 ಪಂದ್ಯ, 1066 ಗೋಲು.

ಮೀನಖಂಡವೇ ಏಕೆ? ಅಲ್ಲಿ ಎರಡು ಪದರದ ಸ್ನಾಯುಗಳಿವೆ. ಕಣ್ಣಿಗೆ ಕಾಣುವ ಮೇಲಿನದು ಜಿಗಿತಕ್ಕೆ. ಅಡಿಯಲ್ಲಿ ಸೋಲಿಯಸ್ ಇದೆ; ಓಡುವಾಗ ಮೈತೂಕದ ಆರೇಳು ಪಟ್ಟು ಭಾರ ಹೊರುವುದು ಅದೇ. ವಯಸ್ಸಾದಂತೆ ಅದರ ಶಕ್ತಿ ಸದ್ದಿಲ್ಲದೆ ಇಳಿಯುತ್ತದೆ. ಹರಿದರೆ ನೋವು ಬೇಗ ಹೋಗುತ್ತದೆ, ಬಲ ಬರಲು ತಿಂಗಳುಗಳು ಬೇಕು. ನೋವಿಲ್ಲವೆಂದು ಆಟಕ್ಕಿಳಿದವರು ಮತ್ತೆ ನನ್ನ ಮುಂದೆ ಬಂದು ಕೂರುತ್ತಾರೆ.

ಮೊನ್ನೆ ಒಬ್ಬರಿಗೆ ಇಷ್ಟೆಲ್ಲ ಹೇಳಿ, ಒಂಟಿ ಕಾಲಲ್ಲಿ ನಿಂತು ಇಪ್ಪತ್ತೈದು ಸಲ ಹಿಮ್ಮಡಿ ಎತ್ತಿ ಅಂದೆ. ಹನ್ನೊಂದಕ್ಕೆ ಗೋಡೆ ಹಿಡಿದರು.

“ಭಾನುವಾರ ಡಬಲ್ಸ್ ಆದ್ರೂ ಆಡಬಹುದಾ ಸರ್?”