ಅಮ್ಮನ ಬೆರಳು ದಪ್ಪ ಅಲ್ಲ

ಅಮ್ಮನ ಫೋನ್ ಬಂದರೆ ಮೊದಲು ಕಾಣುವುದು ಅಡುಗೆಮನೆಯ ಸೂರು. ಮಾಮೂಲಿ ಕಾಲ್ ಮಾಡಲು ಹೋಗಿ ಪಕ್ಕದ ವಿಡಿಯೋ ಗುರುತನ್ನು ಒತ್ತಿರುತ್ತಾಳೆ. "ನನ್ನ ಬೆರಳೇ ದಪ್ಪ ಕಣೋ, ಇದೆಲ್ಲ ನಿಮ್ಮಂಥವರಿಗೆ" ಅಂತ ತನ್ನನ್ನೇ ಬೈದುಕೊಳ್ಳುತ್ತಾಳೆ. ಕಡ್ಡಿಯಂಥ ಬೆರಳಿನ ನಾನೂ ದಿನಕ್ಕೆ ಹತ್ತು ಸಲ ತಪ್ಪು ಒತ್ತುತ್ತೇನೆ. ಅವಳಿಗೆ ಹೇಳಿಲ್ಲ ಅಷ್ಟೇ.

ಸಂಶೋಧಕರೂ ಬಹಳ ಕಾಲ ಅಮ್ಮನ ಹಾಗೇ ಅಂದುಕೊಂಡಿದ್ದರು. ಬೆರಳ ತುದಿ ಮೆತ್ತಗಿರುತ್ತದೆ, ಒತ್ತಿದರೆ ಹರಡುತ್ತದೆ. ಸಾಲದ್ದಕ್ಕೆ ಒತ್ತಬೇಕಾದ ಗುರುತನ್ನೇ ಮುಚ್ಚಿಬಿಡುತ್ತದೆ. ಇನ್ನು ಗುರಿ ಸಿಗುವುದು ಹೇಗೆ? ಇದಕ್ಕೆ ಅವರಿಟ್ಟ ಹೆಸರೇ 'ದಪ್ಪ ಬೆರಳಿನ ಸಮಸ್ಯೆ'.

2010ರಲ್ಲಿ ಜರ್ಮನಿಯ ಪಾಟ್ಸ್‌ಡ್ಯಾಮ್‌ನ ಹಾಸೊ ಪ್ಲಾಟ್ನರ್ ಇನ್‌ಸ್ಟಿಟ್ಯೂಟ್‌ನಲ್ಲಿ ಕ್ರಿಸ್ಟಿಯನ್ ಹೋಲ್ಜ್ ಮತ್ತು ಪ್ಯಾಟ್ರಿಕ್ ಬೌಡಿಶ್ ಈ ನಂಬಿಕೆಯನ್ನೇ ಕೆದಕಿದರು. ಬೆರಳನ್ನು ನೆಟ್ಟಗೆ ಹಿಡಿದು, ಮಲಗಿಸಿ, ಪಕ್ಕಕ್ಕೆ ವಾಲಿಸಿ ಗುರಿ ಮುಟ್ಟುವಂತೆ ಜನರಿಗೆ ಹೇಳಿದರು. ತಪ್ಪುಗಳು ಎಲ್ಲೆಂದರಲ್ಲಿ ಚೆಲ್ಲಾಡಿರಲಿಲ್ಲ. ಒಬ್ಬರು ಬೆರಳನ್ನು ಒಂದೇ ರೀತಿ ಹಿಡಿದಾಗ ಮುಟ್ಟಿದ ಗುರುತು ಹೆಚ್ಚುಕಡಿಮೆ ಒಂದೇ ಕಡೆಗೆ ಸರಿದಿರುತ್ತಿತ್ತು. ದಪ್ಪ ಬೆರಳಿನ ತಲೆಗೆ ಕಟ್ಟಿದ್ದ ತಪ್ಪಿನಲ್ಲಿ ಶೇ. 67ರಷ್ಟು ಹೀಗೆ ಲೆಕ್ಕಕ್ಕೆ ಸಿಗುವಂಥದ್ದು. ಗಡಿಯಾರ ಯಾವಾಗಲೂ ಐದು ನಿಮಿಷ ಹಿಂದಿದ್ದರೆ ಕೂಡಿಸಿಕೊಂಡು ನೋಡಬಹುದು, ಅಲ್ವಾ? ಇದೂ ಹಾಗೇ. ಅವರು ಬೆರಳಚ್ಚು ಓದುವ ಒಂದು ಉಪಕರಣವನ್ನೂ ಮಾಡಿದರು. ಮುಟ್ಟಿದವರು ಯಾರು, ಬೆರಳು ಎಷ್ಟು ವಾಲಿದೆ ಎಂದು ಗೆರೆಗಳಿಂದಲೇ ತಿಳಿದುಕೊಂಡು ಅದು ಗುರುತನ್ನು ಸರಿಪಡಿಸುತ್ತಿತ್ತು. ನಿಖರತೆ 1.8 ಪಟ್ಟು ಹೆಚ್ಚಿತು.

ಅಲ್ಲ, ಗುರುತು ಸರಿಯುವುದಾದರೂ ಯಾಕೆ? ಮನೆಯಲ್ಲೇ ನೋಡಬಹುದು. ಹಾಳೆಯ ಮೇಲೆ ಪೆನ್ನಿನಿಂದ ಒಂದು ಚುಕ್ಕಿ ಇಡಿ. ತೋರುಬೆರಳಿನ ಮೆತ್ತನೆಯ ಭಾಗಕ್ಕೆ ಒದ್ದೆ ಕುಂಕುಮ ಹಚ್ಚಿಕೊಳ್ಳಿ. ಫೋನ್ ಮುಟ್ಟುವ ಹಾಗೆ ಬೆರಳನ್ನು ಸ್ವಲ್ಪ ಮಲಗಿಸಿ, ಸರಿಯಾಗಿ ಚುಕ್ಕಿಯನ್ನೇ ಮುಟ್ಟಿ. ಜಾಸ್ತಿ ಯೋಚಿಸಬೇಡಿ, ಸುಮ್ನೆ ಮುಟ್ಟಿ. ಅಮ್ಮನ ಕೈಲಿ ಮಾಡಿಸಿದಾಗ ಕೆಂಪು ಗುರುತು ಅವಳ ಕಡೆಗೇ ಸರಿದಿತ್ತು. ಚುಕ್ಕಿ ಅದರ ಮೇಲಂಚಿನಲ್ಲಿ ಇಣುಕುತ್ತಿತ್ತು. "ಸರಿಯಾಗೇ ಮುಟ್ಟಿದೆನಲ್ಲೋ" ಅಂದಳು. ಅವಳು ಹೇಳಿದ್ದು ನಿಜ.

ಮುಟ್ಟುವಾಗ ಬೆರಳಿನ ಅಡಿಭಾಗ ನಮಗೆ ಕಾಣುವುದಿಲ್ಲ. ಕಾಣುವುದು ಉಗುರು, ಬೆರಳ ಅಂಚು. ಅದನ್ನೇ ಗುರಿಯ ನೇರಕ್ಕೆ ತರುತ್ತೇವೆ. ಫೋನಿಗೆ ಗೊತ್ತಾಗುವುದು ಅಡಿಭಾಗ ಮಾತ್ರ. ಗಾಜಿಗೆ ತಾಗಿದ ಜಾಗದ ನಡುವನ್ನು ಹುಡುಕಿ, ಇವರು ಒತ್ತಿದ್ದು ಇಲ್ಲೇ ಅಂತ ತೀರ್ಮಾನಿಸುತ್ತದೆ. 2011ರಲ್ಲಿ ಇದೇ ಇಬ್ಬರು ಮೂರು ಪ್ರಯೋಗ ಮಾಡಿ ಇದನ್ನು ತೋರಿಸಿದರು. ಹಳೆಯ ಲೆಕ್ಕದಲ್ಲಿ ಗುರುತು 4 ಮಿಲಿಮೀಟರ್ ಸರಿಯುತ್ತಿತ್ತು. ಮೇಲಿನಿಂದ ಕಾಣುವ ಬೆರಳನ್ನು ಲೆಕ್ಕಕ್ಕೆ ತಗೊಂಡರೆ ಬರೀ 1.6 ಮಿಲಿಮೀಟರ್.

ಅದೇ ವರ್ಷ ನೀಲ್ಸ್ ಹೆನ್ಜೆ ಮತ್ತು ಸಂಗಡಿಗರು ಒಂದು ಆಂಡ್ರಾಯ್ಡ್ ಆಟ ಬಿಟ್ಟು, ಜನ ಅದನ್ನು ಆಡುವಾಗ 12 ಕೋಟಿ ಸ್ಪರ್ಶಗಳನ್ನು ದಾಖಲಿಸಿದರು. ಅಲ್ಲೂ ಅದೇ ಕತೆ. ಸ್ಪರ್ಶಗಳು ಪರದೆಯ ಕೆಳಗಿನ ಬಲಮೂಲೆಯ ಕಡೆಗೆ ಸರಿದಿರುತ್ತಿದ್ದವು.

ಫೋನಿನ ಕಣ್ಣೂ ಮಂಜು ಅನ್ನಿ. ಗಾಜಿನ ಕೆಳಗೆ ಕಣ್ಣಿಗೆ ಕಾಣದ ತಂತಿಗಳ ಬಲೆ ಇರುತ್ತದೆ. ಬೆರಳು ಹತ್ತಿರ ಬಂದರೆ ಅಲ್ಲಿನ ವಿದ್ಯುತ್ ಚೂರು ಬದಲಾಗುತ್ತದೆ. ಬಲೆಯ ಕಣ್ಣುಗಳು ಒಂದಕ್ಕೊಂದು ಮಿಲಿಮೀಟರ್‌ಗಟ್ಟಲೆ ದೂರ, ಹಾಗಾಗಿ ಸಿಗುವ ಚಿತ್ರ ಮಸುಕು. ಹೋಲ್ಜ್ ಈಗ ಸ್ವಿಟ್ಜರ್ಲೆಂಡಿನ ಇಟಿಎಚ್ ಜ್ಯೂರಿಕ್ ವಿಶ್ವವಿದ್ಯಾಲಯದಲ್ಲಿದ್ದಾರೆ. 2021ರಲ್ಲಿ ಅವರು ಪಾಲ್ ಸ್ಟ್ರೆಲಿ ಜೊತೆ ಸೇರಿ ಈ ಮಸುಕನ್ನು ತಿಳಿಗೊಳಿಸುವ ತಂತ್ರಾಂಶ ಮಾಡಿದರು. ಹೆಸರು ಕ್ಯಾಪ್‌ಕಾಂಟ್ಯಾಕ್ಟ್. ಅದೇ ಬಲೆ, ಅದೇ ಗಾಜು. ಉದಾಹರಣೆ ನೋಡಿ ಕಂಪ್ಯೂಟರ್ ತಾನೇ ಕಲಿಯುವ ಡೀಪ್ ಲರ್ನಿಂಗ್ ಬಳಸಿ, ಬೆರಳು ನಿಜವಾಗಿ ತಾಗಿದ ಜಾಗವನ್ನು 8 ಪಟ್ಟು ಸೂಕ್ಷ್ಮವಾಗಿ ಊಹಿಸುತ್ತದೆ.

ಇದರಿಂದ ಫೋನಿನ ಕಡೆಯ ತಪ್ಪು ಕಡಿಮೆಯಾಗುತ್ತದೆ. ಉಗುರಿನ ಕಡೆಯದು ಹಾಗೇ ಉಳಿಯುತ್ತದೆ. ಅದನ್ನು ಪೂರ್ತಿ ಸರಿಪಡಿಸಲು ಫೋನ್ ಬೆರಳನ್ನು ಮೇಲಿನಿಂದ ನೋಡಬೇಕು. ಪರದೆಯ ಮೇಲಿರುವ ಕ್ಯಾಮೆರಾ ನೋಡುವುದು ಮುಖವನ್ನು. ಅಮ್ಮನ ಫೋನಿನದ್ದಾದರೆ ಸೂರನ್ನು.