‘ಗರ್ಭಕೋಶದ ಮ್ಯಾಲ ಬೊಜ್ಜು ಕಟ್ಟೇದ’ ಅಂತಾರ, ಖರೇನ್ರಿ?

ಪ್ರಶ್ನೆ: ವಯಸ್ಸು 27, ಎತ್ತರ 157 ಸೆಂ.ಮೀ., ತೂಕ 74 ಕೆ.ಜಿ. ಮದುವೆಯಾಗಿ ಎರಡು ವರ್ಷ. ಮುಟ್ಟು ಎರಡು–ಮೂರು ತಿಂಗಳಿಗೊಮ್ಮೆ. ‘ಗರ್ಭಕೋಶದ ಮ್ಯಾಲ ಬೊಜ್ಜು ಕಟ್ಟೇದ’ ಅಂತಾರ ನಮ್ಮ ಅತ್ತೆಯವರು. ತೂಕ ಇಳಿಸಿದ್ರ ಮಕ್ಕಳಾಗ್ತಾವೇನ್ರಿ?
– ಓದುಗರು, ಜಮಖಂಡಿ

ಬೊಜ್ಜು ಗರ್ಭಕೋಶದ ಮೇಲೆ ಕೂತು ದಾರಿ ಕಟ್ಟುವುದಿಲ್ಲರಿ. ನಿಮ್ಮಲ್ಲಿ ತಪ್ಪುತ್ತಿರುವುದು ಬಹುಶಃ ಅಂಡ ಬಿಡುಗಡೆ. ಮುಟ್ಟಿನ ನಡುವೆ 35 ದಿನಕ್ಕಿಂತ ಹೆಚ್ಚು ಅಂತರ ಬೀಳುವುದೇ ಅದರ ಸುಳಿವು.

ಬೊಜ್ಜು ಹಾರ್ಮೋನುಗಳನ್ನೂ ಸುರಿಸುತ್ತದೆ. ಹೊಟ್ಟೆಯ ಸುತ್ತ ಅದು ಸೇರಿದಂತೆಲ್ಲ ಅಡಿಪೊನೆಕ್ಟಿನ್ ಎಂಬ ಹಾರ್ಮೋನು ಕುಗ್ಗಿ, ಇನ್ಸುಲಿನ್ನಿನ ಮಾತು ದೇಹ ಕೇಳದಂತಾಗುತ್ತದೆ. ಆಗ ಇನ್ಸುಲಿನ್ ಇನ್ನಷ್ಟು ಸುರಿಯುತ್ತದೆ. ಅದು ಅಂಡಾಶಯದಲ್ಲಿ ಗಂಡು ಹಾರ್ಮೋನನ್ನು ಏರಿಸುತ್ತದೆ. ಆ ಹಾರ್ಮೋನನ್ನು ಹಿಡಿದಿಡುವ ಪ್ರೋಟೀನು ಯಕೃತ್ತಿನಲ್ಲಿ ತಯಾರಾಗುವುದನ್ನೂ ತಗ್ಗಿಸುತ್ತದೆ. ಅಂಡದ ಗುಳ್ಳೆಗಳು ಅರ್ಧ ಬೆಳೆದು ನಿಲ್ಲುತ್ತವೆ. ಗದ್ದದ ಮೇಲೆ ಕೂದಲು, ಕತ್ತಿನ ಹಿಂದೆ ಕಪ್ಪು ಪಟ್ಟಿ ಇದ್ದರೆ ಪಿಸಿಓಎಸ್ (ಹಾರ್ಮೋನು ಏರುಪೇರಾಗಿ ಅಂಡ ಸರಿಯಾಗಿ ಬಿಡುಗಡೆಯಾಗದ ತೊಂದರೆ) ಅನುಮಾನ ಬಲವಾಗುತ್ತದೆ.

ಇನ್ನೊಂದು ಕಡೆ, ಬೊಜ್ಜಿನೊಳಗಿನ ಅರೋಮಟೇಸ್ ಎಂಬ ಕಿಣ್ವ ಗಂಡು ಹಾರ್ಮೋನನ್ನು ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನಾಗಿ ಮಾರ್ಪಡಿಸುತ್ತಲೇ ಇರುತ್ತದೆ. ಅಂಡ ಬಿಡುಗಡೆಯಾಗದಿದ್ದರೆ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಸಾಲದೆ, ಈಸ್ಟ್ರೋಜನ್ ಒಂದರಿಂದಲೇ ಗರ್ಭಕೋಶದ ಒಳಪದರ ದಪ್ಪವಾಗುತ್ತ ಹೋಗುತ್ತದೆ. ಮೂರು ತಿಂಗಳು ಮುಟ್ಟು ಬಾರದಿದ್ದರೆ ಗರ್ಭಪರೀಕ್ಷೆ ಮಾಡಿಕೊಂಡು ವೈದ್ಯರಲ್ಲಿಗೆ ಹೋಗಲೇಬೇಕು.

ನಿಮ್ಮ ಬಿಎಂಐ (ಎತ್ತರಕ್ಕೆ ತೂಕ ಎಷ್ಟೆಂಬ ಅಳತೆ) 30. ಭಾರತೀಯರಿಗೆ 25 ಮುಟ್ಟಿದರೇ ಸ್ಥೂಲಕಾಯ ಎಂದು ಲೆಕ್ಕ. ಆದರೆ ನೀವು 50 ಕೆ.ಜಿ.ಗೆ ಇಳಿಯಬೇಕಿಲ್ಲ. ಶೇ 5ರಿಂದ 10, ಅಂದರೆ 4–7 ಕೆ.ಜಿ. ಕರಗಿದರೇ ಹಲವರಲ್ಲಿ ಅಂಡ ಬಿಡುಗಡೆ ಮರಳುತ್ತದೆ. ವಾರಕ್ಕೆ ಅರ್ಧ ಕೆ.ಜಿ. ಸಾಕು. ಜೋಳದ ರೊಟ್ಟಿ ಬಿಡಬೇಡಿ. ಎರಡು ರೊಟ್ಟಿ, ಅರ್ಧ ತಾಟು ಸೊಪ್ಪು-ಪಲ್ಯ, ಜೊತೆಗೆ ಮಡಕಿಕಾಳು ಇರಲಿ. ಕಡಿಮೆ ಮಾಡಬೇಕಾದ್ದು ಎಣ್ಣೆಗಾಯಿಯ ಮೇಲೆ ತೇಲುವ ಎಣ್ಣೆಯನ್ನು (ಒಂದು ದೊಡ್ಡ ಚಮಚಕ್ಕೆ ಸುಮಾರು 120 ಕ್ಯಾಲೊರಿ), ಸಕ್ಕರೆ ಚಹಾವನ್ನು. ಟೇಪು ಹಿಡಿದು ತಿಂಗಳಿಗೊಮ್ಮೆ ಸೊಂಟ ಅಳೆಯಿರಿ, 80 ಸೆಂ.ಮೀ. ಒಳಗೆ ಬರುವುದು ಗುರಿ.

ಉಪವಾಸ ಕೂರಬೇಡಿ. 1994ರಲ್ಲಿ ಪತ್ತೆಯಾದ ಲೆಪ್ಟಿನ್ ಕೂಡ ಬೊಜ್ಜಿನ ಹಾರ್ಮೋನೇ. ಅದು ದಿಢೀರ್ ಕುಸಿದರೆ ಮಿದುಳು ‘ಮನ್ಯಾಗ ಕಾಳಿಲ್ಲ’ ಎಂದುಕೊಂಡು ಅಂಡಾಶಯಕ್ಕೆ ಸೂಚನೆ ಕಳಿಸುವುದನ್ನೇ ತಗ್ಗಿಸುತ್ತದೆ. ತೀರ ತೆಳ್ಳಗಿರುವವರ ಮುಟ್ಟು ನಿಲ್ಲುವುದೂ ಹೀಗೆಯೇ.

ತೂಕ ಇಳಿಯಲೆಂದು ಪರೀಕ್ಷೆಗಳನ್ನು ಮುಂದೂಡಬೇಡಿ. ಥೈರಾಯ್ಡ್, ಪ್ರೊಲ್ಯಾಕ್ಟಿನ್ (ಎದೆಹಾಲಿನ ಹಾರ್ಮೋನು), ಸಕ್ಕರೆ, ಸ್ಕ್ಯಾನಿಂಗ್ ಈಗಲೇ ಆಗಲಿ. ಬೇಕಾದರೆ ವೈದ್ಯರು ಅಂಡ ಬಿಡುಗಡೆ ಮಾಡಿಸುವ ಲೆಟ್ರೋಜೋಲ್ ಮಾತ್ರೆ ಕೊಟ್ಟಾರು. ಅದು ತಡೆಯುವುದು ಆ ಅರೋಮಟೇಸನ್ನೇ. ಯಜಮಾನರ ವೀರ್ಯ ಪರೀಕ್ಷೆಯೂ ಅದೇ ವಾರ ಆಗಲಿ.