ದಿನ ತುಂಬಿದ ಮೇಲಿನ ಲೆಕ್ಕ

ಹೆರಿಗೆಗೆಂದು ಬರೆದುಕೊಟ್ಟ ತಾರೀಖಿನ ದಿನವೇ ಹುಟ್ಟುವ ಮಕ್ಕಳು ನೂರಕ್ಕೆ ನಾಲ್ಕೈದು. ಆದರೂ ಆ ದಿನ ಕಳೆಯಿತೆಂದರೆ ಬಸುರಿಯ ಮೊಬೈಲಿಗೆ ಬಿಡುವಿರುವುದಿಲ್ಲ. ‘ಡೇಟ್ ದಾಟಿತಲ್ಲ, ನೋವು ಬರುವ ಇಂಜೆಕ್ಷನ್ ಹಾಕಿಸಿಕೋ’ ಎನ್ನುತ್ತಾರೆ ಒಬ್ಬರು. ‘ಡ್ರಿಪ್ ಹಾಕಿದರೆ ಸಿಸೇರಿಯನ್ನೇ ಗತಿ, ಕಾಲ ಕೂಡಿದಾಗ ತಾನಾಗಿಯೇ ಆಗುತ್ತದೆ, ಬೇಡ ಎಂದುಬಿಡು’ ಎನ್ನುತ್ತಾರೆ ಇನ್ನೊಬ್ಬರು. ನನಗೆ ಇಬ್ಬರ ಮೇಲೂ ಸಿಟ್ಟಿದೆ. ಮೊದಲನೆಯವರಿಗೆ ತಾರೀಖು ಅರ್ಥವಾಗಿಲ್ಲ, ಎರಡನೆಯವರಿಗೆ ಭಾಗಾಕಾರ.

ಕೊನೆಯ ಮುಟ್ಟಿನ ಮೊದಲ ದಿನಕ್ಕೆ ಏಳು ದಿನ ಕೂಡಿಸಿ, ಮೂರು ತಿಂಗಳು ಹಿಂದಕ್ಕೆ ಎಣಿಸುವ ಸೂತ್ರ ಹೈಡೆಲ್‌ಬರ್ಗಿನ ಪ್ರಸೂತಿ ತಜ್ಞ ಫ್ರಾಂಟ್ಸ್ ಕಾರ್ಲ್ ನೇಗೆಲೆಯ ಹೆಸರಿನಲ್ಲಿದೆ. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಅದನ್ನು ಪ್ರಚಾರಕ್ಕೆ ತಂದ ಅವನು ಅದರ ಮೂಲವನ್ನು ಲೈಡನ್ನಿನ ಹರ್ಮನ್ ಬೂರ್ಹಾವನಲ್ಲಿ ಕಂಡಿದ್ದ. ಒಟ್ಟು 280 ದಿನ. ನಮ್ಮ ಅಜ್ಜಿಯರ ‘ಒಂಬತ್ತು ತಿಂಗಳು ಒಂಬತ್ತು ದಿನ’ ಇದಕ್ಕಿಂತ ಕೆಲವೇ ದಿನ ಆಚೆಗಿದೆ. ಸೂತ್ರದ ದೋಷವೆಂದರೆ ಎಲ್ಲರ ಮುಟ್ಟೂ 28 ದಿನಕ್ಕೊಮ್ಮೆ ಎಂದು ಅದು ನಂಬಿಕೊಂಡಿದೆ. 35 ದಿನಕ್ಕೊಮ್ಮೆ ಮುಟ್ಟಾಗುವವಳು ಕಾಗದದ ಮೇಲೆ ಒಂದು ವಾರ ತಡವಾಗಿರುತ್ತಾಳೆ, ಹೊಟ್ಟೆಯೊಳಗಿನ ಮಗು ತಡವಾಗಿರುವುದಿಲ್ಲ. ಮೊದಲ ಮೂರು ತಿಂಗಳಲ್ಲಿ ಮಾಡಿಸಿದ ಸ್ಕ್ಯಾನ್ ಈ ಗೊಂದಲವನ್ನು ಬಹುಮಟ್ಟಿಗೆ ಕಳೆಯುತ್ತದೆ. ಎಂಟನೇ ತಿಂಗಳ ಸ್ಕ್ಯಾನಿನ ತಾರೀಖನ್ನು ಹಿಡಿದು ಜಗಳಾಡುವುದು ವ್ಯರ್ಥ. ಅಷ್ಟೆಲ್ಲ ಸರಿಮಾಡಿದರೂ ಸಹಜ ವ್ಯತ್ಯಾಸ ದೊಡ್ಡದು. 2013ರಲ್ಲಿ ಪ್ರಕಟವಾದ ಅಧ್ಯಯನವೊಂದು 125 ಗರ್ಭಧಾರಣೆಗಳನ್ನು ಅಂಡ ಬಿಡುಗಡೆಯಾದ ದಿನದಿಂದಲೇ ಎಣಿಸಿತು. ಅವಧಿಗೆ ಮುಂಚಿನ ಹೆರಿಗೆಗಳನ್ನು ಬಿಟ್ಟ ಮೇಲೂ ಉಳಿದವುಗಳ ನಡುವೆ 37 ದಿನಗಳ ಅಂತರವಿತ್ತು.

ಹಾಗಾದರೆ ನೋವು ಯಾವಾಗ ಶುರುವಾಗಬೇಕೆಂದು ನಿರ್ಧರಿಸುವವರು ಯಾರು? ಮೊದಲ ಸುಳಿವು ಸಿಕ್ಕಿದ್ದು ಕುರಿಗಳಿಂದ. ಅಮೆರಿಕದ ಐಡಾಹೊ ಬೆಟ್ಟಗಳಲ್ಲಿ ಒಂದು ಜಾತಿಯ ಕಾಡುಗಿಡ ಮೇಯ್ದ ಕುರಿಗಳಿಗೆ ಒಂಟಿಗಣ್ಣಿನ ಮರಿಗಳಾಗುತ್ತಿದ್ದವು. ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಕೆಟ್ಟ ಅಂಥ ಮರಿಗಳು ದಿನ ತುಂಬಿದರೂ ಹುಟ್ಟುತ್ತಿರಲಿಲ್ಲ. ನ್ಯೂಜಿಲೆಂಡಿನ ಗ್ರಹಾಂ ಲಿಗ್ಗಿನ್ಸ್ 1960ರ ದಶಕದಲ್ಲಿ ಭ್ರೂಣದ ಆ ಗ್ರಂಥಿಯನ್ನು ನಾಶಮಾಡಿ ನೋಡಿದರು. ಹೆರಿಗೆ ಮುಂದಕ್ಕೆ ಹೋಯಿತು. ಭ್ರೂಣಕ್ಕೆ ಕಾರ್ಟಿಸಾಲ್ ಎಂಬ ಸ್ಟೆರಾಯ್ಡ್ ಹಾರ್ಮೋನು ಕೊಟ್ಟರು, ಅವಧಿಗೆ ಮೊದಲೇ ನೋವು ಬಂತು. ಹಾಗೆ ಬೇಗ ಹುಟ್ಟಿದ ಮರಿಗಳು ನಿರೀಕ್ಷೆ ಮೀರಿ ಉಸಿರಾಡಿದ್ದರಿಂದಲೇ ಅವಧಿಪೂರ್ವ ಹೆರಿಗೆಯ ಮುನ್ನ ಕೊಡುವ ಸ್ಟೆರಾಯ್ಡ್ ಚುಚ್ಚುಮದ್ದು ಹುಟ್ಟಿತು. ಈ ಕಥೆ ನನಗೆ ಎಷ್ಟು ಇಷ್ಟವೆಂದರೆ, ಮನುಷ್ಯರಲ್ಲಿ ಅದು ಹಾಗೇ ನಡೆಯುವುದಿಲ್ಲ ಎಂದು ಬರೆಯಲು ಬೇಸರವಾಗುತ್ತದೆ. ಕುರಿಯ ರಕ್ತದಲ್ಲಿ ಹೆರಿಗೆಗೆ ಮುನ್ನ, ಗರ್ಭಕೋಶವನ್ನು ಸುಮ್ಮನಿರಿಸುವ ಪ್ರೊಜೆಸ್ಟರಾನ್ ಹಾರ್ಮೋನು ಇಳಿಯುತ್ತದೆ, ನಮ್ಮಲ್ಲಿ ಇಳಿಯುವುದಿಲ್ಲ. ಅದರ ಮಾತಿಗೆ ಗರ್ಭಕೋಶ ಕಿವಿಗೊಡುವುದು ಕಡಿಮೆಯಾಗುತ್ತದೆ, ಅಷ್ಟೆ.

ಮುಂದಿನದು ಮಾತ್ರ ನಿಜಕ್ಕೂ ಸೊಗಸು. ಬಸುರಿನ ಬಹುಪಾಲು ಕಾಲ ಗರ್ಭಕೋಶದ ಸ್ನಾಯುಕೋಶಗಳು ಹೆಚ್ಚುಕಡಿಮೆ ತಮ್ಮಷ್ಟಕ್ಕೆ ತಾವು ಮಿಡುಕುತ್ತಿರುತ್ತವೆ. ಜಾತ್ರೆಯಲ್ಲಿ ಸಾವಿರ ಜನ ಒಬ್ಬೊಬ್ಬರಾಗಿ ತಳ್ಳಿದರೆ ತೇರು ಕದಲುವುದಿಲ್ಲ. ಮಿಣಿ ಬೇಕು, ಎಲ್ಲರೂ ಒಂದೇ ಕ್ಷಣ ಜಗ್ಗಬೇಕು. ಹೆರಿಗೆ ಹತ್ತಿರವಾದಂತೆ ಕೋಶಕೋಶಗಳ ನಡುವೆ ಕನೆಕ್ಸಿನ್-43 ಎಂಬ ಪ್ರೊಟೀನಿನ ಅತಿಸೂಕ್ಷ್ಮ ಕೊಳವೆಗಳು ಹೆಚ್ಚುತ್ತವೆ. ಅದೇ ಮಿಣಿ. ಒಂದು ಕೋಶದ ವಿದ್ಯುತ್ ಸಂಕೇತ ಪಕ್ಕದ್ದಕ್ಕೆ ನೇರವಾಗಿ ಹರಿದು ಇಡೀ ಗರ್ಭಕೋಶ ಒಂದಾಗಿ ಬಿಗಿಯುತ್ತದೆ. ಗರ್ಭಕೋಶವನ್ನು ಬಿಗಿಸುವ ಹಾರ್ಮೋನು ಆಕ್ಸಿಟೋಸಿನ್ ತಮಟೆಯಿದ್ದಂತೆ, ಅದನ್ನು ಕೇಳಲು ಕೋಶಗಳ ಮೇಲಿರುವ ಗ್ರಾಹಕಗಳೂ ಈಗ ಹಲವು ಪಟ್ಟು. ಇನ್ನು ಗರ್ಭಕೋಶದ ಬಾಯಿ ಗಾಲಿಗೆ ಅಡ್ಡ ಕೊಟ್ಟ ಮರದ ತುಂಡು. ಅದರ ಕೊಲಾಜೆನ್ ಎಳೆಗಳು ಸಡಿಲಗೊಂಡು ಮೆತ್ತಗಾಗದೆ ಎಷ್ಟು ಜಗ್ಗಿದರೂ ಪ್ರಯೋಜನವಿಲ್ಲ.

ಇಷ್ಟು ತಿಳಿದರೆ ಆಸ್ಪತ್ರೆಯಲ್ಲಿ ಮೊದಲು ಜೆಲ್ ಇಡುವುದೋ, ಮಾತ್ರೆ ಕೊಡುವುದೋ, ಬಲೂನಿನ ಕೊಳವೆ ಹಾಕುವುದೋ ಏಕೆಂದು ಹೊಳೆಯುತ್ತದೆ. ಮರದ ತುಂಡನ್ನು ತೆಗೆಯದೆ ಡ್ರಿಪ್ಪಿನಲ್ಲಿ ಆಕ್ಸಿಟೋಸಿನ್ ಹರಿಸುವುದು ಬರೀ ತಮಟೆ ಬಡಿದಂತೆ. ಗರ್ಭಕೋಶದ ಬಾಯಿ ಎಷ್ಟು ಸಿದ್ಧವಾಗಿದೆ ಎಂದು ಅಂಕ ಹಾಕುವ ಕ್ರಮವನ್ನು ಪ್ರಸೂತಿ ತಜ್ಞ ಎಡ್ವರ್ಡ್ ಬಿಷಪ್ 1964ರಲ್ಲೇ ಕೊಟ್ಟಿದ್ದಾರೆ. ‘ನನ್ನ ಬಿಷಪ್ ಸ್ಕೋರ್ ಎಷ್ಟು?’ ಎಂದು ಕೇಳಲು ಯಾವ ಬಸುರಿಯೂ ಸಂಕೋಚಪಡಬೇಕಿಲ್ಲ.

ಈಗ ಭಾಗಾಕಾರ. ಮಗು ಹೊಟ್ಟೆಯಲ್ಲೇ ಸಾಯುವ ಅಪಾಯವನ್ನು ಬಹುಕಾಲ ಹೀಗೆ ಲೆಕ್ಕ ಹಾಕುತ್ತಿದ್ದರು: ಆ ವಾರ ಸತ್ತು ಹುಟ್ಟಿದ ಶಿಶುಗಳನ್ನು ಆ ವಾರದ ಒಟ್ಟು ಹೆರಿಗೆಗಳಿಂದ ಭಾಗಿಸು. 1987ರಲ್ಲಿ ಪೆಟ್ರೀಷಿಯಾ ಯುಡ್ಕಿನ್ ಮತ್ತು ಸಂಗಡಿಗರು ಛೇದವೇ ತಪ್ಪು ಎಂದರು. ಹೊಟ್ಟೆಯೊಳಗಿನ ಅಪಾಯ ಆ ವಾರ ಹುಟ್ಟಿದವರಿಗಷ್ಟೇ ಅಲ್ಲ, ಆ ವಾರದ ಆರಂಭದಲ್ಲಿ ಒಳಗಿದ್ದ ಎಲ್ಲರಿಗೂ ಇದೆ. ಕಾಲ್ಪನಿಕ ಅಂಕಿಗಳಿಂದ ನೋಡಿ. 37ನೇ ವಾರ 10,000 ಶಿಶುಗಳು ಒಳಗಿವೆ, 500 ಹುಟ್ಟುತ್ತವೆ, 2 ಸಾಯುತ್ತವೆ. 41ನೇ ವಾರ 1,500 ಉಳಿದಿವೆ, 1,000 ಹುಟ್ಟುತ್ತವೆ, ಮತ್ತೆ 2 ಸಾಯುತ್ತವೆ. ಹಳೆಯ ಲೆಕ್ಕದಲ್ಲಿ ಅಪಾಯ ಸಾವಿರಕ್ಕೆ 4ರಿಂದ 2ಕ್ಕೆ ಇಳಿಯಿತು. ಸರಿಯಾದ ಲೆಕ್ಕದಲ್ಲಿ 0.2ರಿಂದ 1.3ಕ್ಕೆ ಏರಿತು! ಸಾವುಗಳು ಅಷ್ಟೇ, ಛೇದ ಬದಲಾಯಿತು.

ನಿಜವಾದ ಅಂಕಿಗಳೂ ಅದನ್ನೇ ಹೇಳುತ್ತವೆ. ಒಂದೂವರೆ ಕೋಟಿ ಗರ್ಭಧಾರಣೆಗಳನ್ನು ಒಟ್ಟುಗೂಡಿಸಿ ನೋಡಿದ 2019ರ ವಿಶ್ಲೇಷಣೆಯಲ್ಲಿ ಈ ಅಪಾಯ 37ನೇ ವಾರಕ್ಕೆ ಸಾವಿರಕ್ಕೆ 0.11 ಇದ್ದದ್ದು 42ನೇ ವಾರಕ್ಕೆ 3.18 ಆಗಿತ್ತು. ಅಂದರೆ ಆಗಲೂ ಸಾವಿರದಲ್ಲಿ ಸುಮಾರು 997 ಬಸುರಿಯರಿಗೆ ಅಂಥ ಆಘಾತ ಇಲ್ಲ. ‘ಬೇಡ’ ಎನ್ನುವವಳನ್ನು ಕೊಲೆಗಾತಿಯಂತೆ ನೋಡುವವರು ಇದನ್ನೂ ಓದಿಕೊಳ್ಳಬೇಕು.

ಸ್ವೀಡನ್ನಿನ 14 ಆಸ್ಪತ್ರೆಗಳಲ್ಲಿ 2,760 ಮಹಿಳೆಯರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ 41 ವಾರ ತುಂಬಿದಾಗ ನೋವು ಬರಿಸಿದರು, ಇನ್ನೊಂದನ್ನು 42ರವರೆಗೆ ಕಾಯಿಸಿದರು. ಕಾದ ಗುಂಪಿನಲ್ಲಿ ಆರು ಶಿಶುಗಳು ಸತ್ತವು, ಇನ್ನೊಂದರಲ್ಲಿ ಒಂದೂ ಇಲ್ಲ. ಪ್ರಯೋಗವನ್ನು ಅರ್ಧದಲ್ಲೇ ನಿಲ್ಲಿಸಿದರು. ಕುತೂಹಲದ ಸಂಗತಿ: 41ನೇ ವಾರ ಎಲ್ಲರಿಗೂ ಸ್ಕ್ಯಾನ್ ಮಾಡುತ್ತಿದ್ದ ಸ್ಟಾಕ್‌ಹೋಮ್ ಭಾಗದಲ್ಲಿ ಈ ಆರರಲ್ಲಿ ಒಂದೂ ನಡೆದಿರಲಿಲ್ಲ. ಇಷ್ಟು ಸಣ್ಣ ಸಂಖ್ಯೆಯಿಂದ ತೀರ್ಪು ಕೊಡಲಾಗದು, ಆದರೂ ಕಾಯುವುದೆಂದರೆ ಕಣ್ಣು ಮುಚ್ಚಿ ಕೂರುವುದಲ್ಲ ಎಂಬ ನನ್ನ ವಾದಕ್ಕೆ ಅದು ಬಲ ಕೊಡುತ್ತದೆ. ಇಂಥ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ 2020ರ ಕಾಕ್ರನ್ ಸಮೀಕ್ಷೆಯ ಪ್ರಕಾರ ಸುಮಾರು 544 ಮಹಿಳೆಯರಿಗೆ ನೋವು ಬರಿಸಿದರೆ ಒಂದು ಶಿಶುವಿನ ಸಾವು ತಪ್ಪುತ್ತದೆ. ಅದೇ ಸಮೀಕ್ಷೆಯಲ್ಲಿ ಸಿಸೇರಿಯನ್ ಪ್ರಮಾಣ ನೋವು ಬರಿಸಿದವರಲ್ಲೇ ತುಸು ಕಡಿಮೆ. ಆದರೆ ಪ್ರಯೋಗಗಳಲ್ಲಿ ತಾಳ್ಮೆಯಿರುತ್ತದೆ. ನಾಲ್ಕು ಗಂಟೆ ಡ್ರಿಪ್ ಹಾಕಿ ‘ನೋವು ಬರಲಿಲ್ಲ’ ಎಂದು ಥಿಯೇಟರಿಗೆ ಒಯ್ಯುವ ಕಡೆ ಈ ಭರವಸೆ ಅನ್ವಯಿಸುವುದಿಲ್ಲ.

ಬೇಡವೆನ್ನುವ ಹಕ್ಕು ಬಸುರಿಯದು. ಚಿಕಿತ್ಸೆಯ ಒಪ್ಪಿಗೆ ಕುರಿತ 2008ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ನಿರಾಕರಿಸಿದರೆ ಆಗಬಹುದಾದ ತೊಂದರೆಯನ್ನೂ ವೈದ್ಯರು ತಿಳಿಸಬೇಕೆಂದು ಹೇಳಿದೆ. ತಿಳಿಸುವುದು ಬೇರೆ, ಹೆದರಿಸುವುದು ಬೇರೆ. ಹಾಗೆ ಬೇಡವೆಂದು ಮನೆಗೆ ಬಂದವಳಿಗೆ ಮರುದಿನವೇ ಹರಳೆಣ್ಣೆ ಕುಡಿಸುವ ಹಿರಿಯರನ್ನು ಕಂಡರೆ ಏನು ಹೇಳುವುದೋ ತಿಳಿಯದು. ಹರಳೆಣ್ಣೆಯ ರಿಸಿನೊಲಿಕ್ ಆಮ್ಲ, ಗರ್ಭಕೋಶವನ್ನು ಬಿಗಿಸುವ ದೇಹದ್ದೇ ರಾಸಾಯನಿಕವಾದ ಪ್ರೊಸ್ಟಗ್ಲಾಂಡಿನ್‌ನ ಗ್ರಾಹಕವೊಂದನ್ನೇ ಕೆರಳಿಸಿ ಕರುಳನ್ನೂ ಗರ್ಭಕೋಶವನ್ನೂ ಹಿಂಡುತ್ತದೆಂದು 2012ರಲ್ಲಿ ಇಲಿಗಳಲ್ಲಿ ತೋರಿಸಲಾಗಿದೆ. ಅದೂ ನೋವು ಬರಿಸುವ ಮದ್ದೇ. ಅಳತೆಯಿಲ್ಲ, ಮಗುವಿನ ಎದೆಬಡಿತ ನೋಡುವವರಿಲ್ಲ, ಜೊತೆಗೆ ವಾಂತಿ ಭೇದಿ.

ಬ್ರಿಟನ್ನಿನ ಮಾರ್ಗಸೂಚಿ 42 ವಾರ ದಾಟಿಯೂ ಕಾಯುವವರಿಗೆ ವಾರಕ್ಕೆರಡು ಬಾರಿ ಮಗುವಿನ ಎದೆಬಡಿತದ ದಾಖಲೆ ಮತ್ತು ಗರ್ಭಜಲದ ಸ್ಕ್ಯಾನ್ ಸೂಚಿಸುತ್ತದೆ. ಅವು ಆ ಹೊತ್ತಿನ ಸ್ಥಿತಿಯನ್ನಷ್ಟೇ ಹೇಳುತ್ತವೆ, ಮರುದಿನದ್ದನ್ನಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇದ್ದರೆ, ನೀರು ಒಡೆದಿದ್ದರೆ ಅಥವಾ ಮಗುವಿನ ಬೆಳವಣಿಗೆ ಕುಂಠಿತವಾಗಿದ್ದರೆ ಮೇಲಿನ ಅಂಕಿಗಳು ಅನ್ವಯಿಸುವುದಿಲ್ಲ, ಅಲ್ಲಿ ಕಾಯುವ ಲೆಕ್ಕವೇ ಬೇರೆ. ಮಗುವಿನ ಓಡಾಟ ಎಂದಿನಂತಿಲ್ಲ ಅನ್ನಿಸಿದರೆ ನಿನ್ನೆಯ ಸ್ಕ್ಯಾನ್ ಚೆನ್ನಾಗಿತ್ತೆಂದು ಸುಮ್ಮನಿರದೆ ಆ ರಾತ್ರಿಯೇ ಆಸ್ಪತ್ರೆಗೆ ಹೋಗಬೇಕು.